80 ಅಡಿ ರಸ್ತೆಯಲ್ಲಿ ವ್ಹೀಲಿ ನಿಲ್ಲಿಸಲು ಓಡಾಡಿದ ಕಥೆ

ಮೈಸೂರು ರಸ್ತೆಗೂ ನೈಸ್ ರಸ್ತೆಗೂ ನಡುವೆ ಇರುವ ಬಿಡಿಎ (ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ) ಬಡಾವಣೆ ನಮ್ಮದು. ಇಡೀ ಬೆಂಗಳೂರು ಇಕ್ಕಟ್ಟು ಅಂತ ಜನ ಗೊಣಗುತ್ತಾರೆ. ನಮ್ಮ ಕಷ್ಟ ಉಲ್ಟಾ. ನಮ್ಮ 80 ಅಡಿ ರಸ್ತೆ ಅಗಲವಾಗಿದೆ, ನೇರವಾಗಿದೆ, ಟಾರು ಕೂಡ ಚೆನ್ನಾಗಿದೆ. ಒಂದು ಪಕ್ಕ ಕೆರೆ ಏರಿ. ಇನ್ನೊಂದು ಪಕ್ಕ ಅರ್ಧ ಮನೆ, ಅರ್ಧ ಖಾಲಿ ಸೈಟು. ಸಿಗ್ನಲ್ ಇಲ್ಲ, ಹಂಪ್ ಇಲ್ಲ. ಬೀದಿದೀಪವೂ ಆಗ ನೆಟ್ಟಗೆ ಉರಿಯುತ್ತಿರಲಿಲ್ಲ. ಬೈಕ್ ಹಾರಿಸುವ ಹುಡುಗರಿಗೆ ಇನ್ನೇನು ಬೇಕು?

ಬೆಳಗ್ಗೆ ಹೊತ್ತು ಡ್ರೈವಿಂಗ್ ಸ್ಕೂಲ್ ಕಾರುಗಳು, ಸಂಜೆ ವಾಕಿಂಗ್‌ನವರು. ರಾತ್ರಿ ಹತ್ತು ದಾಟಿದ ಮೇಲೆ ರಸ್ತೆ ಬೇರೆಯವರ ಕೈಗೆ ಹೋಗುತ್ತಿತ್ತು. ಶನಿವಾರ ಜಾಸ್ತಿ. ಗುಂಪಾಗಿ ಬರುವುದು, ಒಬ್ಬ ಮುಂದಿನ ಚಕ್ರ ಎತ್ತಿಕೊಂಡು ಹೋಗುವುದು (ಇದಕ್ಕೇ ವ್ಹೀಲಿ ಅನ್ನುವುದು), ಪಕ್ಕದ ಗಾಡಿಯಲ್ಲಿ ಹಿಂದೆ ಕೂತವನು ಮೊಬೈಲ್‌ನಲ್ಲಿ ಅದನ್ನು ಹಿಡಿಯುವುದು. ನಂಬರ್ ಪ್ಲೇಟ್ ಒಂದೋ ಬಿಚ್ಚಿರುತ್ತಾರೆ, ಇಲ್ಲ ಮೇಲಕ್ಕೆ ಮಡಚಿರುತ್ತಾರೆ. ಇನ್ನು ಸೈಲೆನ್ಸರ್ ಕಥೆ. ಕಂಪನಿಯದ್ದು ಕಿತ್ತು ಹಾಕಿ ಬೇರೆ ಕೊಳವೆ ಕೂರಿಸಿಕೊಂಡಿರುತ್ತಾರೆ. ಆಕ್ಸಿಲರೇಟರ್ ಕೊಟ್ಟು ಬಿಟ್ಟರೆ ಪಟಾಕಿ ಹೊಡೆದ ಸದ್ದು. ಎರಡನೇ ಕ್ರಾಸಿನಲ್ಲಿ ಬಾಣಂತಿ ಇದ್ದ ಮನೆಯವರು ಕಿಟಕಿಗೆ ಹಾಸಿಗೆ ಒತ್ತಿ ನಿಲ್ಲಿಸಿಕೊಳ್ಳುತ್ತಿದ್ದರು.

ಹಗಲಿನ ತೊಂದರೆ ಬೇರೆ. ಕೆರೆ ಏರಿ ಮೇಲೆ ನಡೆಯುವವರಿಗೆ ಅಂತ ಕಲ್ಲು ಹಾಸಿದ ದಾರಿ ಇದೆ. ಮುಖ್ಯ ರಸ್ತೆಗೆ ಸುತ್ತು ಹಾಕಿ ಹೋಗುವ ಬದಲು ಸ್ಕೂಟರ್‌ನವರು ಅದರ ಮೇಲೇ ನುಗ್ಗುತ್ತಿದ್ದರು. ಡೆಲಿವರಿ ಹುಡುಗರು ಮಾತ್ರ ಅಂತ ಬೈಯುವುದು ಸುಲಭ. ಮಕ್ಕಳನ್ನು ಶಾಲೆಗೆ ಬಿಡುವ ನಮ್ಮ ಬಡಾವಣೆಯ ಅಪ್ಪ ಅಮ್ಮಂದಿರೂ ಅಷ್ಟೇ ಇದ್ದರು. ಹಾರ್ನ್ ಬೇರೆ ಹೊಡೆಯುತ್ತಿದ್ದರು, ನಡೆಯುವವರು ಪಕ್ಕಕ್ಕೆ ಸರಿಯಲಿ ಅಂತ.

ಎಲ್ಲರೂ ಮೊದಲು ಮಾಡುವುದನ್ನೇ ನಾವೂ ಮಾಡಿದೆವು. 112ಕ್ಕೆ ಫೋನ್. ಅವರು ಮರ್ಯಾದೆಯಾಗಿ ಮಾತಾಡುತ್ತಾರೆ, ಜಾಗ ಕೇಳುತ್ತಾರೆ, ಮೊಬೈಲ್‌ಗೆ ಮೆಸೇಜ್ ಬರುತ್ತದೆ, ಸ್ವಲ್ಪ ಹೊತ್ತಿಗೆ ಪೊಲೀಸರ ಗಸ್ತಿನ ಹೊಯ್ಸಳ ಗಾಡಿಯೂ ಬರುತ್ತದೆ. ಆದರೆ ನೇರವಾದ ರಸ್ತೆಯ ತಮಾಷೆ ಏನೆಂದರೆ, ಹೊಯ್ಸಳದ ಕೆಂಪು ನೀಲಿ ದೀಪ ಆ ತುದಿಯಲ್ಲಿ ತಿರುಗುವಾಗಲೇ ಈ ತುದಿಗೆ ಕಾಣುತ್ತದೆ. ಪೊಲೀಸರು ಇಳಿಯುವ ಹೊತ್ತಿಗೆ ರಸ್ತೆಯಲ್ಲಿ ಇರುವುದು ಬೀದಿನಾಯಿಗಳು ಮತ್ತು ಟಾರಿನ ಮೇಲೆ ಟೈರಿನ ಕರೀ ಗೀಟು. ‘ಎಲ್ಲಿ ಮೇಡಮ್, ಯಾರೂ ಇಲ್ವಲ್ಲ’ ಅಂತ ಅವರು ಕೇಳಿದಾಗ ನಾನು ಆ ಗೀಟನ್ನೇ ತೋರಿಸುತ್ತಿದ್ದೆ. ಪಾಪ, ಅವರು ತಾನೇ ಏನು ಮಾಡುತ್ತಾರೆ? ಇಡೀ ಠಾಣೆ ವ್ಯಾಪ್ತಿ ಸುತ್ತಬೇಕು. ಅವರು ಹೋದ ಅರ್ಧ ಗಂಟೆಗೆ ಹುಡುಗರು ವಾಪಸ್.

ಠಾಣೆಗೆ ಹೋದಾಗ ಹೊಸ ವಿಷಯ ಗೊತ್ತಾಯಿತು. ಹೊಯ್ಸಳ ಬರುವುದು ಕಾನೂನು ಸುವ್ಯವಸ್ಥೆ ಠಾಣೆಯಿಂದ. ವ್ಹೀಲಿ ಕೇಸು ಟ್ರಾಫಿಕ್ ಠಾಣೆಗೆ ಹೋಗುತ್ತದೆ. ಸೈಲೆನ್ಸರ್ ಬದಲಿಸಿದ್ದರೆ ಟ್ರಾಫಿಕ್‌ನವರೂ ಹಿಡಿಯಬಹುದು, ಆರ್‌ಟಿಒದವರೂ ಹಿಡಿಯಬಹುದು. ರಸ್ತೆಗೆ ಹಂಪ್ ಬೇಕಾದರೆ ಪಾಲಿಕೆ ಎಂಜಿನಿಯರು. ಬೀದಿದೀಪಕ್ಕೆ ಅದೇ ಪಾಲಿಕೆಯ ವಿದ್ಯುತ್ ವಿಭಾಗ. ಕೆರೆ ಏರಿ ಕೆರೆ ವಿಭಾಗದವರದ್ದು. ಒಂದೇ ರಸ್ತೆಯ ಒಂದೇ ಕಿರಿಕಿರಿಗೆ ಇಷ್ಟು ಜನ ಯಜಮಾನರು. ಯಾವ ಮೇಜಿನ ಮುಂದೆ ನಿಂತರೂ ‘ಇದು ನಮಗೆ ಬರಲ್ಲ ಮೇಡಮ್’ ಅನ್ನುವ ಮಾತು ಸುಳ್ಳೂ ಅಲ್ಲ, ಪೂರ್ತಿ ನಿಜವೂ ಅಲ್ಲ.

ಸಂಘದ ಸಭೆ ಕರೆದೆವು. ನಾನು ಸಂಘದ ಜಂಟಿ ಕಾರ್ಯದರ್ಶಿ. ಅಂದರೆ ಅರ್ಜಿ ಬರೆಯುವ ಕೆಲಸ ನನ್ನದು. ಸಾಮಾನ್ಯವಾಗಿ ಸಭೆಗೆ ಹತ್ತು ಜನ ಬಂದರೆ ಹಬ್ಬ. ಅವತ್ತು ಉದ್ಯಾನದ ಮಂಟಪ ತುಂಬಿ ಹೊರಗೆಲ್ಲಾ ನಿಂತಿದ್ದರು. ಒಬ್ಬರು ರಸ್ತೆಗೆ ರಾತ್ರಿ ಗೇಟ್ ಹಾಕೋಣ ಅಂದರು. ಇನ್ನೊಬ್ಬರು ಮೊಳೆ ಹೊಡೆದ ಹಲಗೆ ಇಡೋಣ ಅಂದರು. ಹಿಂದಿನ ಸಾಲಿನಿಂದ ಒಬ್ಬ ಹುಡುಗ, ‘ನೆಲಮಂಗಲದ ಹತ್ರ ಮಾಡಿದ್ರಲ್ಲ, ಹಂಗೆ ಮಾಡಿದ್ರೆ ಸರಿಹೋಗ್ತಾರೆ’ ಅಂದ. 2024ರ ಆಗಸ್ಟ್‌ನಲ್ಲಿ ತುಮಕೂರು ಹೆದ್ದಾರಿಯಲ್ಲಿ ವ್ಹೀಲಿ ಮಾಡುತ್ತಿದ್ದವರ ಮೇಲೆ ಸಿಟ್ಟಾದ ಜನ ಸ್ಕೂಟರ್‌ಗಳನ್ನೇ ಎತ್ತಿ ಫ್ಲೈಓವರ್ ಮೇಲಿಂದ ಕೆಳಗೆ ಎಸೆದಿದ್ದರು. ಆ ವಿಡಿಯೊ ಎಲ್ಲರ ಮೊಬೈಲ್‌ನಲ್ಲೂ ಇತ್ತು. ಚಪ್ಪಾಳೆ ಬಿತ್ತು. ನನಗೆ ಹೆದರಿಕೆಯಾಯಿತು. ಫ್ಲೈಓವರ್ ಕೆಳಗೆ ಯಾರಾದರೂ ನಡೆದುಕೊಂಡು ಹೋಗುತ್ತಿದ್ದರೆ? ನಿವೃತ್ತ ಮೇಷ್ಟ್ರೊಬ್ಬರು ಎದ್ದು, ‘ಮೊಳೆ ಹಲಗೆ ಮೇಲೆ ಮೊದಲು ಬೀಳೋನು ಹಾಲಿನ ಹುಡುಗ ಕಣಯ್ಯಾ’ ಅಂದ ಮೇಲೆ ಗಲಾಟೆ ಇಳಿಯಿತು.

ಗೇಟಿನ ವಿಚಾರ ಮಾತ್ರ ಟ್ರಾಫಿಕ್ ಠಾಣೆವರೆಗೆ ಹೋಯಿತು. ಅಲ್ಲಿನ ಸಬ್ ಇನ್‌ಸ್ಪೆಕ್ಟರ್ ಚೆನ್ನಾಗಿ ಬಿಡಿಸಿ ಹೇಳಿದರು. ಸಾರ್ವಜನಿಕ ರಸ್ತೆಗೆ ನಿವಾಸಿಗಳು ಗೇಟ್ ಹಾಕುವಂತಿಲ್ಲ. ಒಂದು ರಸ್ತೆಯಲ್ಲಿ ಇಂಥ ವಾಹನ, ಇಂಥ ಹೊತ್ತಿನಲ್ಲಿ ಬೇಡ ಅಂತ ಹೇಳಲು ಮೋಟಾರು ವಾಹನ ಕಾಯ್ದೆಯ 115ನೇ ಸೆಕ್ಷನ್ನಿನಲ್ಲಿ ಅಧಿಕಾರ ಇದೆ. ಆದರೆ ಅದಕ್ಕೆ ಮೇಲಿನಿಂದ ಅಧಿಸೂಚನೆ ಆಗಬೇಕು, ಬೋರ್ಡ್ ಹಾಕಬೇಕು. ನಮ್ಮ ಪಕ್ಕದ ನೈಸ್ ರಸ್ತೆಯೇ ಉದಾಹರಣೆ. 2022ರ ಜನವರಿಯಲ್ಲಿ ಅಲ್ಲಿ ರಾತ್ರಿ 10ರಿಂದ ಬೆಳಗ್ಗೆ 5ರವರೆಗೆ ದ್ವಿಚಕ್ರ ವಾಹನ ನಿಷೇಧಿಸಿದರು. ಕಾರಣ ಅಪಘಾತಗಳು. ಹೊಸ ವರ್ಷದ ರಾತ್ರಿ ಫ್ಲೈಓವರ್‌ಗಳನ್ನು ಮುಚ್ಚುವುದನ್ನು ನಾವೆಲ್ಲಾ ನೋಡಿದ್ದೇವೆ. ಭಾನುವಾರ ಕಬ್ಬನ್ ಪಾರ್ಕ್ ಒಳಗೆ ಗಾಡಿ ಬಿಡದೆ ಇರುವುದೂ ಇದೇ ಜಾತಿಯ ಕ್ರಮ. ‘ಆದ್ರೆ ಮೇಡಮ್, ನಿಮ್ಮ ರೋಡಲ್ಲಿ ಮನೆಗಳಿವೆ. ರಾತ್ರಿ ಪಾಳಿ ಮುಗಿಸಿ ಬರೋರು ಬೈಕಲ್ಲೇ ಬರ್ಬೇಕು. ಅವರನ್ನ ಎಲ್ಲಿ ನಿಲ್ಲಿಸ್ತೀರ?’ ಅಂದರು. ಉತ್ತರ ಇರಲಿಲ್ಲ. ನೈಸ್‌ನಲ್ಲಿ ಬಿಡದ ಮೇಲೇ ಈ ಹುಡುಗರು ನಮ್ಮ ಕಡೆ ಬಂದಿದ್ದು ಅಂತ ನಮ್ಮಲ್ಲಿ ಕೆಲವರು ಈಗಲೂ ಸಾಧಿಸುತ್ತಾರೆ. ನನಗೇನೋ ನಂಬಿಕೆ ಇಲ್ಲ. ಒಳ್ಳೆ ರಸ್ತೆ ಸಿಕ್ಕರೆ ಯಾವ ಕಾರಣವೂ ಬೇಕಿಲ್ಲ.

ಅರ್ಜಿ ಬರೆಯುವುದು ಹೇಗೆ ಅಂತ ಆ ಸಬ್ ಇನ್‌ಸ್ಪೆಕ್ಟರೇ ಹೇಳಿಕೊಟ್ಟರು. ‘ತುಂಬಾ ತೊಂದರೆಯಾಗುತ್ತಿದೆ’ ಅಂತ ಬರೆದರೆ ಪ್ರಯೋಜನ ಇಲ್ಲ. ಯಾವ ವಾರ, ಎಷ್ಟು ಗಂಟೆ, ಯಾವ ಕ್ರಾಸಿನಿಂದ ಯಾವ ಕ್ರಾಸಿನವರೆಗೆ, ಹತ್ತಿರದ ಗುರುತು ಯಾವುದು, ಇಷ್ಟು ಬೇಕು. ನಾವು ಒಂದು ನೋಟ್‌ಬುಕ್ ಇಟ್ಟೆವು. ರಸ್ತೆಗೆ ಮುಖ ಮಾಡಿದ ಮನೆಗಳವರು ಸರದಿ ಪ್ರಕಾರ ಬರೆಯುತ್ತಿದ್ದರು. ಕಾರ್ನರ್ ಮನೆ ಅಜ್ಜಿಗೆ ನಿದ್ದೆ ಕಮ್ಮಿ. ಅವರ ಪುಟಗಳೇ ಎಲ್ಲಕ್ಕಿಂತ ಅಚ್ಚುಕಟ್ಟು. ‘11.40, ಮೂರು ಗಾಡಿ, ಒಂದು ಕೆಂಪು, ಹೆಲ್ಮೆಟ್ ಇಲ್ಲ, ಒಬ್ಬ ನಿಂತುಕೊಂಡು ಓಡಿಸಿದ’ ಅಂತ ದುಂಡಗಿನ ಅಕ್ಷರದಲ್ಲಿ ಬರೆದಿಡುತ್ತಿದ್ದರು. ಅರ್ಜಿಯ ಎರಡು ಪ್ರತಿ ಮಾಡಿ, ಒಂದನ್ನು ಟಪಾಲಿಗೆ ಕೊಟ್ಟು, ಇನ್ನೊಂದರ ಮೇಲೆ ಸೀಲು, ತಾರೀಖು ಹಾಕಿಸಿಕೊಂಡು ಬಂದೆವು. ಈ ಸೀಲು ಚಿಕ್ಕ ವಿಷಯ ಅನ್ನಿಸಬಹುದು. ಮುಂದೆ ಎಲ್ಲಿ ಹೋದರೂ ಮೊದಲು ಕೇಳಿದ್ದು ಅದನ್ನೇ.

ಟ್ರಾಫಿಕ್ ಪೊಲೀಸರ ಅಸ್ತ್ರಂ ಆ್ಯಪ್‌ನಲ್ಲೂ ಫೋಟೊ ಹಾಕಿದೆವು. ಏರಿ ಮೇಲೆ ನುಗ್ಗುವ ಸ್ಕೂಟರ್‌ಗಳಿಗೆ ಅದು ಕೆಲಸಕ್ಕೆ ಬಂತು, ಹಗಲಲ್ಲಿ ನಂಬರ್ ಸ್ಪಷ್ಟ ಕಾಣುತ್ತದೆ. ದಂಡದ ನೋಟಿಸ್ ಮನೆಗೆ ಬಂತು ಅಂತ ನಮ್ಮದೇ ವಾಟ್ಸ್ಆ್ಯಪ್ ಗುಂಪಿನಲ್ಲಿ ಒಬ್ಬರು ಕೂಗಾಡಿದರು, ‘ಯಾರ್ರೀ ನನ್ನ ಫೋಟೊ ಹೊಡೆದಿದ್ದು?’ ಅಂತ. ಗುಂಪು ಗಪ್‌ಚುಪ್. ಆದರೆ ದಂಡಕ್ಕೆ ಜನ ಅಷ್ಟೇನೂ ಹೆದರುವುದಿಲ್ಲ. 2023ರ ಫೆಬ್ರವರಿಯಲ್ಲಿ ಹಳೇ ಬಾಕಿ ದಂಡಕ್ಕೆ ಶೇಕಡ 50 ರಿಯಾಯಿತಿ ಕೊಟ್ಟರು, 2025ರ ಆಗಸ್ಟ್‌ನಲ್ಲಿ ಮತ್ತೆ ಕೊಟ್ಟರು. ಸುಮ್ನೆ ಕಾದರೆ ಅರ್ಧಕ್ಕೆ ಮುಗಿಯುತ್ತದೆ ಅಂತ ಜನ ಲೆಕ್ಕ ಹಾಕಿದರೆ ತಪ್ಪು ಯಾರದ್ದು?

ಸದ್ದನ್ನು ಅಳೆಯಲು ನಮ್ಮ ಐಟಿ ಹುಡುಗರು ಮೊಬೈಲ್‌ನಲ್ಲಿ ಡೆಸಿಬೆಲ್ ಆ್ಯಪ್ ಹಾಕಿಕೊಂಡು ಬಂದರು. ವಸತಿ ಪ್ರದೇಶದಲ್ಲಿ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ 45 ಡೆಸಿಬೆಲ್ ಮಿತಿ ಅಂತ 2000ದ ಶಬ್ದ ಮಾಲಿನ್ಯ ನಿಯಮಗಳಲ್ಲಿ ಇದೆ. ಆ್ಯಪ್‌ನ ಮುಳ್ಳು ಅದರ ದುಪ್ಪಟ್ಟು ತೋರಿಸುತ್ತಿತ್ತು. ಕಾನ್‌ಸ್ಟೇಬಲ್ ನಕ್ಕರು. ‘ನಿಮ್ಮ ಫೋನ್ ಕೆಮ್ಮಿದ್ರೂ ಅಷ್ಟೇ ತೋರ್ಸತ್ತೆ.’ ಕೋರ್ಟಿಗೆ ಬೇಕಾದದ್ದು ಸರಿಯಾದ ಮೀಟರಿನ ಅಳತೆ. ಅದಕ್ಕಿಂತ ಸುಲಭದ ದಾರಿ, ಸೈಲೆನ್ಸರ್ ಬದಲಿಸಿರುವುದನ್ನೇ ಹಿಡಿಯುವುದು. ಕಂಪನಿಯಿಂದ ಬಂದ ಹಾಗೆ ಇಲ್ಲ ಅಂದರೆ ಅದೇ ತಪ್ಪು. ಸದ್ದಿನ ಮಿತಿ ಮೀರಿದ್ದಕ್ಕೆ 190ನೇ ಸೆಕ್ಷನ್ ಪ್ರಕಾರ 10,000 ರೂಪಾಯಿವರೆಗೆ ದಂಡ, 3 ತಿಂಗಳವರೆಗೆ ಜೈಲು, ಲೈಸೆನ್ಸೂ 3 ತಿಂಗಳು ಹೋಗುತ್ತದೆ. ಕಾಗದದ ಮೇಲೆ ಕಾನೂನು ಗಟ್ಟಿಯಾಗೇ ಇದೆ.

ಹುಡುಗರು ಸಿಕ್ಕಿದ್ದು ರೀಲ್‌ನಿಂದ. ಪಕ್ಕದ ಮನೆಯ ಕಾಲೇಜು ಹುಡುಗಿ ಒಂದು ದಿನ ಫೋನ್ ತಂದು, ‘ಆಂಟಿ, ಇದು ನಮ್ಮ ರೋಡ್ ಅಲ್ವಾ?’ ಅಂದಳು. ಇನ್‌ಸ್ಟಾಗ್ರಾಂನಲ್ಲಿ ಹಾಡು ಹಾಕಿ, ಸ್ಲೋ ಮೋಷನ್ ಮಾಡಿ ಬಿಟ್ಟಿದ್ದರು. ಸ್ಕೂಟರ್ ಎತ್ತಿಕೊಂಡು ಹೋಗುವವನ ಹಿಂದೆ ನಮ್ಮ ಟ್ರಾನ್ಸ್‌ಫಾರ್ಮರ್ ಕಾಣುತ್ತಿತ್ತು. ಬೇಲಿಗೆ ಕಟ್ಟಿದ ಪಿಜಿ ಜಾಹೀರಾತೂ ಕಾಣುತ್ತಿತ್ತು. ಖಾತೆಯಲ್ಲಿ ಇನ್ನೂ ಹಳೆಯ ರೀಲ್‌ಗಳು ಇದ್ದವು. ಅವುಗಳಲ್ಲಿ ಒಂದರಲ್ಲಿ ನಂಬರ್ ಪ್ಲೇಟ್ ಬಿಚ್ಚಲು ಮರೆತಿದ್ದರು. ಲಿಂಕ್‌ಗಳನ್ನು ಕಾಗದದ ಮೇಲೆ ಬರೆದು, ಸ್ಕ್ರೀನ್‌ಶಾಟ್ ಪ್ರಿಂಟ್ ತೆಗೆದು ಟ್ರಾಫಿಕ್ ಠಾಣೆಗೆ ಕೊಟ್ಟೆವು. ಬೆಂಗಳೂರಿನಲ್ಲಿ ವ್ಹೀಲಿ ಮಾಡುವವರನ್ನು ಪೊಲೀಸರು ಹೀಗೆ ರೀಲ್ ನೋಡಿ ಹಿಡಿಯುವುದು ಹೊಸದೇನಲ್ಲ. ಮೆಚ್ಚುಗೆಗೆ ಅಂತ ಹಾಕಿದ್ದೇ ಸಾಕ್ಷಿಯಾಗುತ್ತದೆ.

ಆಮೇಲೆ ಆದದ್ದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು.

ಒಬ್ಬ ಸಿಕ್ಕಿದ. ಹದಿನೆಂಟು ತುಂಬಿರಲಿಲ್ಲ. ಸ್ಕೂಟರ್ ಅವನ ಅಮ್ಮನ ಹೆಸರಿನಲ್ಲಿತ್ತು. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿ ಆದಾಗ 199ಎ ಅಂತ ಸೇರಿಸಿದ್ದಾರೆ. ಅಪ್ರಾಪ್ತರು ಓಡಿಸಿ ತಪ್ಪು ಮಾಡಿದರೆ ಹೊಣೆ ಪೋಷಕರದ್ದು ಅಥವಾ ಗಾಡಿ ಮಾಲೀಕರದ್ದು. 25,000 ರೂಪಾಯಿ ದಂಡ, 3 ವರ್ಷದವರೆಗೆ ಜೈಲು ಶಿಕ್ಷೆಗೂ ಅವಕಾಶ ಇದೆ. ಗಾಡಿಯ ನೋಂದಣಿ 12 ತಿಂಗಳು ರದ್ದು. ಹುಡುಗನಿಗೆ 25 ವರ್ಷ ಆಗುವವರೆಗೆ ಲೈಸೆನ್ಸ್ ಕೊಡುವುದಿಲ್ಲ.

ಆ ತಾಯಿ ಒಂದು ಸಂಜೆ ನಮ್ಮ ಮನೆ ಹುಡುಕಿಕೊಂಡು ಬಂದರು. ಪಕ್ಕದ ಹಳ್ಳಿಯವರು. ಹಳ್ಳಿ ಅಂದರೆ ಬಡಾವಣೆಗೆ ಜಮೀನು ಕೊಟ್ಟ ಹಳ್ಳಿ, ಈಗ ನಮ್ಮ ಮಧ್ಯೆ ಸಿಕ್ಕಿಕೊಂಡಿದೆ. ಗಾರ್ಮೆಂಟ್ಸ್‌ಗೆ ಹೋಗಿ ಬರಲು ಕಂತಿನಲ್ಲಿ ತೆಗೆದುಕೊಂಡ ಸ್ಕೂಟರ್ ಅಂತೆ. ಒಳಗೆ ಕರೆದರೂ ಬರಲಿಲ್ಲ, ಚಪ್ಪಲಿ ಬಿಡುವ ಜಾಗದಲ್ಲೇ ನಿಂತರು. ‘ಮೇಡಮ್, ಕಂಪ್ಲೇಂಟ್ ವಾಪಸ್ ತಗೊಳ್ಳಿ. ಅವನಿಗೆ ನಾನೇ ಬುದ್ಧಿ ಹೇಳ್ತೀನಿ. ರಾತ್ರಿ ನಾನು ಮಲಗಿದ್ಮೇಲೆ ಕೀ ತಗೊಂಡು ಹೋಗ್ತಾನೆ, ನಂಗೇನ್ ಗೊತ್ತಾಗತ್ತೆ?’ ಅಂದರು. ಕೇಸು ಹಾಕಿರುವುದು ಪೊಲೀಸರು, ನಾವು ಕೊಟ್ಟಿದ್ದು ಬರೀ ಮಾಹಿತಿ, ವಾಪಸ್ ತೆಗೆದುಕೊಳ್ಳಲು ನಮ್ಮ ಕೈಯಲ್ಲಿ ಏನೂ ಇಲ್ಲ ಅಂತ ವಿವರಿಸಿದೆ. ಅವರು ನಂಬಲಿಲ್ಲ. ‘ದೊಡ್ಡೋರು ನೀವು, ಒಂದ್ ಮಾತು ಹೇಳಿದ್ರೆ ಆಗತ್ತೆ’ ಅಂತಲೇ ಹೇಳಿ ಹೋದರು. ಕೋರ್ಟಿನಲ್ಲಿ ದಂಡ ಕಟ್ಟಿದ್ದಕ್ಕೆ ಸಾಲ ಮಾಡಿದರಂತೆ.

ಕಾನೂನು ತಪ್ಪು ಅಂತ ನಾನು ಹೇಳುವುದಿಲ್ಲ. ಬಾಣಂತಿ ಮನೆಯವರ ಮುಂದೆ ನಿಂತು ಹಾಗೆ ಹೇಳಲು ಆಗುವುದೂ ಇಲ್ಲ. ಆದರೆ ವಾಟ್ಸ್ಆ್ಯಪ್ ಗುಂಪಿನಲ್ಲಿ ‘ಸರಿಯಾಗಿ ಆಯ್ತು’ ಅಂತ ಹೆಬ್ಬೆರಳು ಎತ್ತಿದವರಲ್ಲಿ ಎಷ್ಟು ಜನ ತಮ್ಮ ಹದಿನಾರು ವರ್ಷದ ಮಗನಿಗೆ ಟ್ಯೂಷನ್‌ಗೆ ಹೋಗಲು ಸ್ಕೂಟರ್ ಕೀ ಕೊಡುತ್ತಾರೆ ಅಂತ ನನಗೆ ಗೊತ್ತು.

ಹುಡುಗರು ಕೆಲವು ವಾರ ಬರಲಿಲ್ಲ. ಆಮೇಲೆ ಬೇರೆ ಹುಡುಗರು ಬಂದರು. ಈ ಗುಂಪಿಗೆ ಹಳೇ ಗುಂಪಿನ ಕೇಸಿನ ವಿಷಯವೇ ಗೊತ್ತಿರಲಿಲ್ಲ. ಹದಿನೆಂಟು ತುಂಬಿದವರು ಸಿಕ್ಕರೂ ಶಿಕ್ಷೆ ಹೆದರಿಸುವಷ್ಟಿಲ್ಲ. ಅಪಾಯಕಾರಿ ಚಾಲನೆಗೆ 184ನೇ ಸೆಕ್ಷನ್, ರಸ್ತೆಯಲ್ಲಿ ರೇಸ್ ಮಾಡಿದರೆ 189, ಜೊತೆಗೆ ಭಾರತೀಯ ನ್ಯಾಯ ಸಂಹಿತೆಯ 281. ಠಾಣೆಯಲ್ಲೇ ಜಾಮೀನು ಸಿಗುತ್ತದೆ. ವ್ಹೀಲಿಗೆ ಅಂತಲೇ ಪ್ರತ್ಯೇಕ ಕಾನೂನು ಇಲ್ಲ. 2025ರ ಮೇ ತಿಂಗಳಲ್ಲಿ ಗಂಗಾವತಿಯ ಒಂದು ವ್ಹೀಲಿ ಪ್ರಕರಣದಲ್ಲಿ ಜಾಮೀನು ನಿರಾಕರಿಸುವಾಗ ಕರ್ನಾಟಕ ಹೈಕೋರ್ಟ್ ಕೂಡ ಇದನ್ನೇ ಹೇಳಿತು, ಈಗಿರುವ ಕಾನೂನು ಸಾಲದು, ಸರ್ಕಾರ ಬಿಗಿ ಮಾಡಬೇಕು ಅಂತ. ಪೇಪರ್ ಕತ್ತರಿಸಿ ಅದನ್ನೂ ಫೈಲಿಗೆ ಸೇರಿಸಿದೆವು.

ಮೇಷ್ಟ್ರು ಹೇಳಿದ್ದು ಸರಿ ಅನ್ನಿಸಿತು. ‘ಹುಡುಗರು ಬರ್ತಾರೆ, ಹೋಗ್ತಾರೆ. ರಸ್ತೆ ಇಲ್ಲೇ ಇರತ್ತೆ. ರಸ್ತೆ ಸರಿಮಾಡ್ಸಿ.’ ಅಲ್ಲಿಂದ ನಮ್ಮ ಓಡಾಟ ಪಾಲಿಕೆ ಕಡೆ ತಿರುಗಿತು.

ಹಂಪ್ ಕೇಳುವುದು ಸುಲಭ, ಹಾಕಿಸುವುದು ಕಷ್ಟ. ವಾರ್ಡ್ ಎಇ (ಪಾಲಿಕೆಯ ಅಸಿಸ್ಟೆಂಟ್ ಎಂಜಿನಿಯರ್), ‘ಟ್ರಾಫಿಕ್‌ನವರ ಎನ್‌ಒಸಿ ತನ್ನಿ’ ಅಂದರು, ಅಂದರೆ ಆಕ್ಷೇಪಣೆ ಇಲ್ಲ ಅನ್ನುವ ಪತ್ರ. ಟ್ರಾಫಿಕ್‌ನವರು, ‘ಪಾಲಿಕೆಯಿಂದ ಪತ್ರ ಬಂದರೆ ಕೊಡ್ತೀವಿ’ ಅಂದರು. ಇಬ್ಬರೂ ಹೇಳಿದ್ದು ನಿಯಮದ ಪ್ರಕಾರವೇ. ಇದರ ಗಂಟು ಬಿಚ್ಚಿದ್ದು ಜಂಟಿ ಸ್ಥಳ ಪರಿಶೀಲನೆ ಅನ್ನುವ ಮಾತು. ಎರಡೂ ಕಚೇರಿಗೆ ಒಂದೇ ಅರ್ಜಿ ಬರೆದು, ಇಬ್ಬರೂ ಒಂದೇ ದಿನ ಜಾಗಕ್ಕೆ ಬರಬೇಕು ಅಂತ ಕೇಳಿದೆವು. ಹಳೇ ಅರ್ಜಿಗಳ ಸೀಲು ಹಾಕಿದ ಪ್ರತಿಗಳು, ಅಜ್ಜಿಯ ನೋಟ್‌ಬುಕ್ಕಿನ ಜೆರಾಕ್ಸ್ ಎಲ್ಲಾ ಲಗತ್ತಿಸಿದೆವು. ಬಂದರು. ಆ ದಿನ ಬಿಸಿಲು ಜೋರಿತ್ತು, ಮಜ್ಜಿಗೆ ಕೊಟ್ಟೆವು.

ಎಇ ಚಿಕ್ಕ ವಯಸ್ಸಿನವರು, ವಿಷಯ ತಿಳಿದವರು. ಹಂಪ್ ಅಂದರೆ ಟಾರು ಗುಡ್ಡೆ ಹಾಕುವುದಲ್ಲ ಅಂತ ಶುರು ಮಾಡಿದರು. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಅಳತೆ ಇದೆ. ಗಾಡಿ ಹೋಗುವ ದಿಕ್ಕಿಗೆ 3.7 ಮೀಟರ್ ಉದ್ದ, ನಡುವೆ 10 ಸೆಂಟಿಮೀಟರ್ ಎತ್ತರ, ಮೇಲ್ಮೈ ದುಂಡಗೆ. 25 ಕಿಲೋಮೀಟರ್ ವೇಗದಲ್ಲಿ ಹೋದರೆ ಮೈ ಕುಲುಕುವುದಿಲ್ಲ. ಅದಕ್ಕಿಂತ ಜೋರಾಗಿ ಹೋದರೆ ಎತ್ತಿ ಹಾಕುತ್ತದೆ. ಒಂದರಿಂದ ಇನ್ನೊಂದಕ್ಕೆ 100ರಿಂದ 120 ಮೀಟರ್ ಅಂತರ. 40 ಮೀಟರ್ ಮೊದಲೇ ಬೋರ್ಡ್ ಇರಬೇಕು, ಮೇಲೆ ಪಟ್ಟೆ ಬಳಿದಿರಬೇಕು. ನಮ್ಮ ಒಳ ಕ್ರಾಸುಗಳಲ್ಲಿ ಜನ ತಾವೇ ಹಾಕಿಸಿಕೊಂಡ ಹಂಪ್‌ಗಳನ್ನು ತೋರಿಸಿ, ‘ಇದು ಹಂಪ್ ಅಲ್ಲ, ಕಟ್ಟೆ’ ಅಂದರು. ನಿಜ. ಅವು ಮೊಣಕೈ ಅಗಲ, ಒಂದು ಗೇಣು ಎತ್ತರ. ಆಟೊ ಹಿಂದೆ ಕೂತವರ ತಲೆ ಮೇಲಿನ ಕಂಬಿಗೆ ತಗಲುತ್ತದೆ.

ಟೇಪ್ ಹಿಡಿದು, ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಾ ಹೋದ ಹಾಗೆ ನಿಜವಾದ ಗಲಾಟೆ ಶುರುವಾಯಿತು. ಸಭೆಯಲ್ಲಿ ‘ಹಂಪ್ ಬೇಕೇ ಬೇಕು’ ಅಂತ ಮೇಜು ಗುದ್ದಿದ್ದ ಅಂಕಲ್ ಮನೆ ಮುಂದೆ ಮೊದಲ ಗೆರೆ ಬಿತ್ತು. ‘ಇಲ್ಲಿ ಯಾಕೆ? ಆ ಖಾಲಿ ಸೈಟ್ ಮುಂದೆ ಹಾಕಿ’ ಅಂದರು. ಹಂಪ್ ಮುಂದೆ ಎಲ್ಲರೂ ಬ್ರೇಕ್ ಹಾಕುತ್ತಾರೆ, ದಾಟಿದ ಮೇಲೆ ಗೇರ್ ಬದಲಿಸಿ ಎಳೆಯುತ್ತಾರೆ, ನೀರಿನ ಟ್ಯಾಂಕರ್ ಬಂದರೆ ಮನೆಯೇ ಅದುರುತ್ತದೆ ಅನ್ನುವುದು ಅವರ ವಾದ. ಸುಳ್ಳಲ್ಲ. ಖಾಲಿ ಸೈಟಿನ ಮಾಲೀಕರು ಅಮೆರಿಕದಲ್ಲಿದ್ದರು. ಅವರ ಭಾವಮೈದುನನಿಗೆ ಯಾರೋ ಸುದ್ದಿ ಮುಟ್ಟಿಸಿದರು, ಅವರೂ ಗಾಡಿ ಹಾಕಿಕೊಂಡು ಬಂದು, ‘ನಾಳೆ ಮನೆ ಕಟ್ಟಿದಾಗ ಗೇಟ್ ಎಲ್ಲಿ ಇಡೋದು?’ ಅಂದರು. ಎಲ್ಲರಿಗೂ ಹಂಪ್ ಬೇಕು, ಪಕ್ಕದ ಮನೆ ಮುಂದೆ. ಕೊನೆಗೆ ಪಾರ್ಕಿನ ಗೇಟ್ ಮುಂದೆ ಒಂದನ್ನು ಅಗಲವಾಗಿ, ಮೇಲೆ ಸಮತಟ್ಟಾಗಿ ಮಾಡಿ, ಮಕ್ಕಳು ರಸ್ತೆ ದಾಟುವ ಜಾಗ ಮಾಡುವುದು ಅಂತ ತೀರ್ಮಾನ ಆಯಿತು. ಉಳಿದವು ಎರಡು ಮನೆಗಳ ಕಾಂಪೌಂಡ್ ಸೇರುವ ಕಡೆ, ಅಂದರೆ ಯಾರ ಗೇಟಿನ ಮುಂದೆಯೂ ಅಲ್ಲ. ಅಂಕಲ್ ಸಹಿ ಹಾಕಿದರು. ನನ್ನ ಜೊತೆ ಮಾತು ಮಾತ್ರ ಬಿಟ್ಟರು.

ಕಾಗದ ಮುಂದೆ ಹೋಗುವ ಹೊತ್ತಿಗೆ ಪಾಲಿಕೆಯೇ ಬದಲಾಯಿತು. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ನಗರ ಪಾಲಿಕೆಗಳಾದವು. ಬೋರ್ಡು, ಸೀಲು, ಲೆಟರ್‌ಹೆಡ್ ಎಲ್ಲಾ ಹೊಸದು. ನಮ್ಮ ಎಇ ವರ್ಗವಾಗಿ ಹೋದರು. ಹೊಸಬರು, ‘ಫೈಲ್ ಯಾವ ಪಾಲಿಕೆಗೆ ಹೋಗಿದೆ ನೋಡ್ಬೇಕು’ ಅಂದರು. ಆಗ ಕೈಹಿಡಿದಿದ್ದು ನಮ್ಮ ಹತ್ತಿರ ಇದ್ದ ಸೀಲು ಹಾಕಿದ ಪ್ರತಿ ಮತ್ತು ಜಂಟಿ ಪರಿಶೀಲನೆಯ ವರದಿಯ ಜೆರಾಕ್ಸ್. ಅದರ ಮೇಲೆ ಇಬ್ಬರ ಸಹಿಯೂ ಇತ್ತು. ಹೊಸ ಎಂಜಿನಿಯರಿಗೆ ಮೊದಲಿನಿಂದ ಶುರು ಮಾಡುವ ಕಷ್ಟ ತಪ್ಪಿತು, ನಮಗೂ ತಪ್ಪಿತು. ಬೀದಿದೀಪಗಳಿಗೆ ಇಷ್ಟು ಕಥೆ ಇರಲಿಲ್ಲ. ಪಾಲಿಕೆ ಸಹಾಯವಾಣಿ 1533ಕ್ಕೆ ಕಂಬದ ನಂಬರ್ ಸಮೇತ ದೂರು ಕೊಟ್ಟರೆ ಒಂದೊಂದಾಗಿ ಸರಿ ಮಾಡಿದರು. ಕಂಬದ ನಂಬರ್ ಹೇಳದಿದ್ದರೆ ಆಗುವುದಿಲ್ಲ, ಅಷ್ಟೇ.

ಹಂಪ್ ಹಾಕಿದ್ದು ರಾತ್ರಿ. ಬಿಸಿ ಟಾರಿನ ಲಾರಿ, ರೋಲರ್, ನಾಲ್ಕೈದು ಜನ ಕೆಲಸದವರು. ಮರದ ಅಚ್ಚು ಇಟ್ಟು ಅಳತೆ ನೋಡುತ್ತಿದ್ದರು. ಮೇಸ್ತ್ರಿ, ‘ಅಕ್ಕಾ, ಇಷ್ಟು ಅಳೆದು ಯಾರೂ ಹಾಕ್ಸಲ್ಲ’ ಅಂತ ನಕ್ಕರು. ಬಿಳಿ ಪಟ್ಟೆ ಬಳಿಯುವವರು ಬೇರೆ ಗುತ್ತಿಗೆದಾರರಂತೆ, ಅವರು ಬರುವುದು ತಡವಾಯಿತು. ಪಟ್ಟೆ ಇಲ್ಲದ ಹಂಪ್ ರಾತ್ರಿ ಕಾಣದೆ ನಮ್ಮವರೇ ಬೀಳುತ್ತಾರೆ ಅಂತ ಮೇಷ್ಟ್ರು ಮತ್ತು ಕೆಲವು ಹುಡುಗರು ಸುಣ್ಣ ಬಳಿದು, ಎರಡು ಕಡೆ ಟ್ರಾಫಿಕ್‌ನವರ ಬ್ಯಾರಿಕೇಡ್ ನಿಲ್ಲಿಸಿಕೊಂಡು ಕಾದರು.

ಏರಿ ದಾರಿಯದ್ದು ನನಗೆ ಎಲ್ಲಕ್ಕಿಂತ ಖುಷಿ ಕೊಟ್ಟ ಕೆಲಸ. ಮೊದಲು ಗಾಡಿ ತಡೆಯುವ ಗಿಡ್ಡ ಬೊಲ್ಲಾರ್ಡ್ ಕಂಬ ನೆಟ್ಟರು. ಕಾರು ನಿಂತಿತು, ಸ್ಕೂಟರ್ ನಿಲ್ಲಲಿಲ್ಲ. ಕಂಬಗಳನ್ನು ಹತ್ತಿರ ಮಾಡಿ ಅಂದರೆ ನಮ್ಮ ಬೀದಿಯಲ್ಲಿ ಗಾಲಿಕುರ್ಚಿಯಲ್ಲಿ ಓಡಾಡುವ ಒಬ್ಬರಿದ್ದಾರೆ, ಸಂಜೆ ಏರಿ ಮೇಲೆ ಬರುವುದೇ ಅವರ ಹೊರಗಿನ ಪ್ರಪಂಚ. ಗಾಲಿಕುರ್ಚಿಯ ಅಗಲವೂ ಸ್ಕೂಟರ್ ಹ್ಯಾಂಡಲ್ಲಿನ ಅಗಲವೂ ಹೆಚ್ಚುಕಮ್ಮಿ ಒಂದೇ. ಒಂದನ್ನು ತಡೆದರೆ ಇನ್ನೊಂದೂ ನಿಲ್ಲುತ್ತದೆ. ದಾರಿ ತೋರಿಸಿದವರು ಅವರೇ. ‘ಅಗಲ ನೋಡಬೇಡಿ, ಉದ್ದ ನೋಡಿ. ನನ್ನ ಕುರ್ಚಿ ಮೂರೂವರೆ ಅಡಿ, ಸ್ಕೂಟರ್ ಆರಡಿ’ ಅಂದರು. ದಾರಿಗೆ ಅಡ್ಡ ಎರಡು ಕಂಬಿ ಬೇಲಿ, ಒಂದು ಎಡಗಡೆಯಿಂದ, ಸ್ವಲ್ಪ ಮುಂದೆ ಇನ್ನೊಂದು ಬಲಗಡೆಯಿಂದ. ನಡುವೆ ಕುರ್ಚಿ ತಿರುಗುವಷ್ಟು ಜಾಗ. ಸ್ಕೂಟರ್ ಒಳಗೆ ಮೂತಿ ತೂರಿಸಿದರೆ ತಿರುಗಲು ಆಗುವುದಿಲ್ಲ. ವೆಲ್ಡಿಂಗ್ ಮಾಡುವ ಮುಂಚೆ ಬಿದಿರು ಗಳ ಕಟ್ಟಿ ನೋಡಿದೆವು. ಅವರೇ ಕುರ್ಚಿಯಲ್ಲಿ ಬಂದು ಹಾದು ತೋರಿಸಿದರು, ‘ಇನ್ನೂ ನಾಲ್ಕು ಬೆರಳು ಬಿಡಿ’ ಅಂದರು. ಹಾಗೇ ಬಿಟ್ಟೆವು. ಸಂಘದ ಹುಡುಗನೊಬ್ಬ ತನ್ನ ಸ್ಕೂಟರ್ ತಂದು ನುಗ್ಗಿಸಲು ನೋಡಿ, ಸಿಕ್ಕಿಕೊಂಡು, ಹಿಂದಕ್ಕೆ ಎಳೆಸಿಕೊಂಡ. ಶಾಲೆ ಬಿಡುವ ಅಪ್ಪ ಅಮ್ಮಂದಿರಿಗೆ ಸಿಟ್ಟು ಬಂತು. ಈಗ ಸುತ್ತು ಹಾಕಿಯೇ ಹೋಗುತ್ತಾರೆ.

ವ್ಹೀಲಿ ಪೂರ್ತಿ ನಿಂತಿದೆಯಾ ಅಂದರೆ, ನಮ್ಮ ರಸ್ತೆಯಲ್ಲಿ ನಿಂತಿದೆ. ಹಂಪ್ ಮಧ್ಯೆ ಚಕ್ರ ಎತ್ತಿದರೆ ಇಳಿಸುವ ಹೊತ್ತಿಗೆ ಇನ್ನೊಂದು ಹಂಪ್ ಬರುತ್ತದೆ. ರೀಲ್‌ಗೆ ಅದು ಚೆನ್ನಾಗಿ ಕಾಣುವುದಿಲ್ಲ. ಹುಡುಗರು ಎಲ್ಲೋ ಬೇರೆ ನೇರ ರಸ್ತೆ ಹುಡುಕಿಕೊಂಡಿರುತ್ತಾರೆ, ಅಲ್ಲಿನವರು ಈಗ 112ಕ್ಕೆ ಫೋನ್ ಮಾಡುತ್ತಿರುತ್ತಾರೆ. ಕೆಂಗೇರಿ ಕಡೆಯ ಒಂದು ಬಡಾವಣೆಯಿಂದ ಒಬ್ಬರು ಬಂದು ನಮ್ಮ ಅರ್ಜಿಗಳ ಪ್ರತಿ ತೆಗೆದುಕೊಂಡು ಹೋದರು. ಸೈಲೆನ್ಸರ್ ಸದ್ದು ಮಾತ್ರ ಇದೆ. ಹಂಪ್ ದಾಟಿ ಆಕ್ಸಿಲರೇಟರ್ ತಿರುಗಿಸುವಾಗ ಮೊದಲಿಗಿಂತ ಜಾಸ್ತಿಯೇ ಕೇಳುತ್ತದೆ. ಆ ವಿಷಯದಲ್ಲಿ ಅಂಕಲ್ ಹೇಳಿದ್ದು ನಿಜವಾಯಿತು, ಸಿಕ್ಕಿದಾಗಲೆಲ್ಲಾ ನೆನಪಿಸುತ್ತಾರೆ. ಅಷ್ಟರ ಮಟ್ಟಿಗೆ ಮಾತು ಶುರುವಾಗಿದೆ. ಸೈಲೆನ್ಸರ್ ತಪಾಸಣೆಗೆ ಶನಿವಾರ ರಾತ್ರಿ ನಾಕಾಬಂದಿ ಹಾಕಿ ಅಂತ ಟ್ರಾಫಿಕ್ ಠಾಣೆಗೆ ಹೊಸ ಅರ್ಜಿ ಕೊಟ್ಟಿದ್ದೇವೆ. ಈ ಸಲ ಮೊದಲ ಸಹಿ ಅಂಕಲ್‌ದು.